ದೂಮಣ್ಣ ಮಗುಚಿಟ್ಟ ಗಂಟೆ

ನಮ್ಮೂರಿಗೆ ಬರುವವರು ದೋಣಿಯಿಂದ ಕಾಲು ಕೆಳಗಿಡುವ ಮೊದಲೇ ನಾನು ಹೇಳುವ ಮಾತು ಒಂದೇ. ಬೂಟು ಬಿಚ್ಚಿದರೆ ಕವುಚಿ ಇಡಿ. ಟೋಪಿ ತೆಗೆದರೆ ಕವುಚಿ ಇಡಿ. ಚಾ ಕುಡಿದ ಲೋಟವನ್ನು ಮಾತಿನ ಭರದಲ್ಲಿ ಗೋಡೆಯ ಮೇಲೆ ಬಿಟ್ಟು ಹೋಗಬೇಡಿ. ಕೇಳಿದವರು ನಗುತ್ತಾರೆ. ಹೀಗೇ ನಕ್ಕಿದ್ದ ಒಬ್ಬ ಹೆಂಗಸು, ಕೊರಳಲ್ಲಿ ದುರ್ಬೀನು, ಬೆನ್ನಿಗೆ ಚೀಲ, ಬಲಗಾಲಿನ ಬೂಟನ್ನು ಬಂಡೆಯ ಮೇಲೆ ಬಿಚ್ಚಿಟ್ಟು ಕಾಲನ್ನು ನೀರಿಗೆ ಇಳಿಬಿಟ್ಟು ಕೂತಿದ್ದರು. ತಿರುಗಿ ನೋಡುವಷ್ಟರಲ್ಲಿ ಬೂಟಿನೊಳಗೆ ಮೊಟ್ಟೆ. ಅವರೂ ಎಳೆದರು, ಅವರ ಗಂಡನೂ ಎಳೆದರು, ಇಬ್ಬರೂ ಸೇರಿ ಎಳೆದರು. ಬೂಟು ಆ ಬಂಡೆಯಲ್ಲೇ ಮೂಡಿದ ಹಾಗೆ ಕೂತಿತ್ತು. ಕೊನೆಗೆ ಒಂದು ಕಾಲಿಗೆ ನನ್ನ ಚಪ್ಪಲಿ ಸಿಕ್ಕಿಸಿಕೊಂಡು ವಾಪಸು ಹೋದರು. ಮರಿ ಹಾರಿದ ಮೇಲೆ ನಾನು ಬೂಟನ್ನು ತೊಳೆದು ಒಣಗಿಸಿ ಕಳಿಸಿಕೊಟ್ಟೆ. ನನ್ನ ಚಪ್ಪಲಿ ಇನ್ನೂ ಬರಬೇಕು.

ಆ ಮೊಟ್ಟೆ ಇಡುವುದು ಕೆಂಗಾಲ. ಮೈಯೆಲ್ಲ ಇದ್ದಿಲಿನ ಕಪ್ಪು, ರೆಕ್ಕೆಯ ಮೇಲೆ ಸುಣ್ಣದ ಬೊಟ್ಟಿನಂಥ ಬಿಳಿ, ಕಾಲು ಮಾತ್ರ ಎಲೆಯಡಿಕೆಯ ಉಗುಳಿನ ಮೇಲೆ ಆಗಷ್ಟೇ ನಡೆದು ಬಂದಷ್ಟು ಕೆಂಪು. ವರ್ಷದ ಉಳಿದ ಕಾಲವೆಲ್ಲ ಕಡಲಿನ ಮೇಲೆಯೇ ಇರುವ ಈ ಹಕ್ಕಿ ಚಳಿ ಮುಗಿದು ಬಂಡೆಗಳ ಮೇಲಿನ ಪಾಚಿ ಹಸಿರಾಗುವ ಹೊತ್ತಿಗೆ ದ್ವೀಪಕ್ಕೆ ಬರುತ್ತದೆ. ಗೂಡು ಕಟ್ಟುವ ಅಭ್ಯಾಸ ಅದಕ್ಕಿಲ್ಲ. ಗುಳಿ ಕಂಡಲ್ಲಿ ಒಂದು ಮೊಟ್ಟೆ ಇಡುತ್ತದೆ. ಇಟ್ಟ ಮೇಲೆ, ಮೊಟ್ಟೆ ಯಾವುದರಲ್ಲಿ ಇದೆಯೋ ಅದು ಕದಲುವುದಿಲ್ಲ. ಮರಿ ಹಾರುವವರೆಗೆ ಊರಿಗೆ ಊರೇ ಬಂದು ನೂಕಿದರೂ ಕದಲುವುದಿಲ್ಲ. ಅಷ್ಟೇ ವಿಷಯ. ಯಾಕೆ ಹೀಗೆ ಎಂದು ಕೇಳುವವರಿಗೆ ನಮ್ಮ ಕುಪ್ಪಮ್ಮಜ್ಜಿ ಒಂದೇ ಉತ್ತರ ಕೊಡುತ್ತಾರೆ: "ನಿಮ್ಮಲ್ಲಿ ಮೊಟ್ಟೆ ಹಗುರ ಯಾಕೆ ಅಂತ ನಾವು ಕೇಳಿದ್ದುಂಟಾ?"

ಹಾಗಾಗಿ ಕೆಂಗಾಲದ ಕಾಲ ಬಂತೆಂದರೆ ಊರಿಡೀ ಮಗುಚಿಕೊಳ್ಳುತ್ತದೆ. ಕೊಡ, ಕಡಾಯಿ, ಬುಟ್ಟಿ, ತೊಟ್ಟಿಲು, ದೋಣಿ, ಎಲ್ಲವೂ ಬೋರಲು. ಕಡಲಿಗಿಳಿದ ದೋಣಿಯಲ್ಲಿ ಯಾರಾದರೊಬ್ಬರು ಕೂತೇ ಇರಬೇಕು. ಮಕ್ಕಳು ಊಟ ಮುಗಿಸಿ ಕೈತೊಳೆಯುವ ಮೊದಲೇ ಬಟ್ಟಲನ್ನು ಮಗುಚುತ್ತವೆ. ನಮ್ಮ ಕೈಗಳಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ ನಾವು ಯೋಚನೆ ಮಾಡುವುದಿಲ್ಲ. ಒಂದು ವಸ್ತು ಹೇಗೆ ನಿಂತಿದೆಯೋ ಅದಕ್ಕೆ ಉಲ್ಟಾ ಇಟ್ಟರೆ ಕೈಗೆ ಸಮಾಧಾನ. ಆ ಸಮಾಧಾನದಿಂದಲೇ ನಾನು ಹೇಳಲು ಹೊರಟ ಅನಾಹುತ ಆದದ್ದು.

ಅದಕ್ಕೆ ಮೊದಲು ನನ್ನ ವಿಷಯ. ನಾನು ಸುಗಂಧಿ. ಹೊರಗಿನಿಂದ ಬಂದವರಿಗೆ ದ್ವೀಪ ಸುತ್ತಿಸಿ ತೋರಿಸುವುದು ನನ್ನ ಕೆಲಸ. ಯಾರೂ ಕಲಿಸಿದ್ದಲ್ಲ, ನಡೆದು ನಡೆದು ಕಲಿತದ್ದು. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಉಳಿಯುವ ಹೊಂಡಗಳಲ್ಲಿ ನಕ್ಷತ್ರಮೀನು ಹೇಗೆ ತನ್ನ ಹೊಟ್ಟೆಯನ್ನೇ ಹೊರಗೆ ಹಾಕಿ ಚಿಪ್ಪಿಯೊಳಗೆ ಕೈಹಾಕಿದಂತೆ ಊಟ ಮಾಡುತ್ತದೆ ಎಂದು ತೋರಿಸುತ್ತೇನೆ. ಮೂಡಣದ ಕಲ್ಲುದಂಡೆಯಲ್ಲಿ ಕಡಲನಾಯಿಗಳು ಬಿಸಿಲು ಕಾಯಿಸುತ್ತ ಮಲಗಿರುತ್ತವೆ, ಮೀಸೆ ಹೊತ್ತ ಮುದುಕರು ಉಂಡು ಉರುಳಿದ ಹಾಗೆ. ಹತ್ತಿರ ಹೋಗಬಾರದು, ಸುಮ್ಮನೆ ಕೂತರೆ ಅವೇ ತಲೆಯೆತ್ತಿ ನಮ್ಮನ್ನು ನೋಡಲು ಬರುತ್ತವೆ. ಗುಡ್ಡದ ಮೇಲೆ ಸೂಜಿಯೆಲೆಯ ಮರಗಳ ಕೆಳಗೆ ಕಾಲಿಟ್ಟರೆ ಹಾಸಿಗೆಯ ಮೇಲೆ ನಡೆದಂತೆ, ಸದ್ದೇ ಇಲ್ಲ. ಅಲ್ಲಿ ನಾನು ಬಂದವರಿಗೆ ಮಾತು ನಿಲ್ಲಿಸಿ ಎನ್ನುತ್ತೇನೆ. ಆಮೇಲೆ ನಾನೇ ಮಾತಾಡಿಬಿಡುತ್ತೇನೆ. ಏನು ಮಾಡುವುದು, ನನ್ನ ಬಾಯಿ ಹಾಗೆ.

ನನ್ನ ಬಾಯಿಯನ್ನು ಎಲ್ಲರಿಗಿಂತ ಹೆಚ್ಚು ಸಹಿಸಿದವಳು ನನ್ನ ತಂಗಿ ಜಲಜಾ. ಸಹಿಸಿದಳು ಅನ್ನುವುದೂ ತಪ್ಪೇ. ಅವಳು ದೋಣಿಯ ಚುಕ್ಕಾಣಿ ಹಿಡಿಯುವವಳು, ಅವಳ ಗಂಡ ವಾಸು ಹುಟ್ಟು ಹಾಕುವವನು. ಇಬ್ಬರೂ ಹಗಲು ಮೀನಿಗೆ ಹೋಗುತ್ತಾರೆ, ಸಂಜೆ ನನ್ನ ಮನೆಯಲ್ಲೇ ಊಟ. ಊಟದ ಹೊತ್ತಿಗೆ ನಾನು ಆ ದಿನ ನೋಡಿದ್ದನ್ನು ಹೇಳಲು ಶುರು ಮಾಡಿದರೆ ಜಲಜಾ ಕಣ್ಣು ಮುಚ್ಚಿಕೊಂಡು ಅನ್ನ ಕಲಸುತ್ತಾಳೆ.

"ಶುರುವಾಯ್ತು ಪುರಾಣ," ಎನ್ನುತ್ತಾಳೆ. "ವಾಸು, ನಿನ್ನ ಕಿವಿ ಸ್ವಲ್ಪ ಸಾಲ ಕೊಡು, ನಂದು ತುಂಬಿತು."

"ಕೇಳಿದ್ರೆ ಎಂತ ಕಿವಿ ಸವೀತದಾ?" ಎಂದು ನಾನು.

"ಅಕ್ಕ, ನಾನು ಕಡಲಲ್ಲಿ ಮೀನು ನೋಡ್ತೇನೆ. ಹಕ್ಕಿ ನೋಡ್ಲಿಕ್ಕೆ ನೀನಿದ್ದಿ. ಎರಡೂ ಮನೆಗೆ ಬೇಕಾ?"

ಆ ಅನಾಹುತದ ವರ್ಷ, ದೋಣಿ ನಿಲ್ಲಿಸುವ ಧಕ್ಕೆಯ ಹತ್ತಿರ ಒಂದು ಗಂಡು ಕೆಂಗಾಲ ಬಂದಿತ್ತು. ಅದರ ಒಂದು ಕಾಲು ಕೆಂಪು, ಇನ್ನೊಂದು ಮಾಸಲು ಹಳದಿ. ಹುಟ್ಟಿನಿಂದಲೇ ಹಾಗೋ, ಯಾವುದೋ ಏಡಿಯ ಉಪಕಾರವೋ ಗೊತ್ತಿಲ್ಲ. ನಾನು ದಿನಾ ಹೋಗಿ ಅದರ ಎದುರು ಕೂರುತ್ತಿದ್ದೆ. ಎಲ್ಲಿಂದ ಬರುತ್ತದೆ, ಏನು ತರುತ್ತದೆ, ಹೆಂಡತಿಗೆ ಹೇಗೆ ತಲೆಬಾಗುತ್ತದೆ ಎಂದೆಲ್ಲ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದೆ. ಮದುವೆಯಾಗದ ನಾನು ಒಂದು ಹಕ್ಕಿಯ ಹಿಂದೆ ಹೀಗೆ ಬಿದ್ದದ್ದು ಜಲಜಾಗೆ ಹಬ್ಬವಾಯಿತು. ಅದಕ್ಕೆ ಭಾವ ಎಂದು ಹೆಸರಿಟ್ಟಳು. "ಇವತ್ತು ಭಾವ ಆರಾಮುಂಟಾ? ಭಾವನ ಕಾಲುನೋವು ಹೇಗುಂಟು? ಎರಡನೇ ಸಂಬಂಧ ಅಂತ ಗೊತ್ತಿದ್ದೂ ಒಪ್ಪಿದಿಯಲ್ಲ ಅಕ್ಕ, ನಿನ್ನದು ದೊಡ್ಡ ಮನಸ್ಸು." ವಾಸು ಅನ್ನದ ತಟ್ಟೆಗೆ ಮುಖ ಹುದುಗಿಸಿ ನಗುತ್ತಿದ್ದ.

ಈಗ ಗಂಟೆಯ ವಿಷಯ. ನಮ್ಮ ದ್ವೀಪದ ಎದುರಿಗೆ ನೀರಿನೊಳಗೆ ಹಲ್ಲುಗಲ್ಲು ಎಂಬ ಬಂಡೆಗಳ ಸಾಲಿದೆ. ಅದರ ನಡುವೆ ದೋಣಿ ಬರುವಷ್ಟೇ ಅಗಲದ ಒಂದು ದಾರಿ, ಆ ದಾರಿಯ ನೇರಕ್ಕೆ ಧಕ್ಕೆ. ಮಂಜು ಕವಿದಾಗ ಧಕ್ಕೆಯ ಕಂಚಿನ ಗಂಟೆ ಬಾರಿಸುತ್ತಾರೆ. ಆ ಸದ್ದನ್ನು ಮೂಗಿನ ನೇರಕ್ಕೆ ಇಟ್ಟುಕೊಂಡು ಬಂದರೆ ಕಲ್ಲು ತಾಗುವುದಿಲ್ಲ. ಬೇರೆ ಯಾವ ಸದ್ದೂ ಆ ಕೆಲಸ ಮಾಡುವುದಿಲ್ಲ. ಕೂಗಿದರೆ, ತಗಡು ಬಡಿದರೆ, ಸದ್ದು ಗುಡ್ಡಕ್ಕೆ ತಾಗಿ ನಾಲ್ಕೂ ಕಡೆಯಿಂದ ಬಂದಂತೆ ಕೇಳುತ್ತದೆ. ಗಂಟೆಯ ಸದ್ದಿಗೆ ಮಾತ್ರ ಒಂದು ದಿಕ್ಕು ಇದೆ.

ಗಂಟೆ ಬಾರಿಸುವುದು ದೂಮಣ್ಣ. ಅವರ ತಂದೆಯೂ ಅದೇ ಕೆಲಸದವರು. ಆ ವರ್ಷ ಗಂಟೆ ತೂಗುಹಾಕಿದ ಸರಪಳಿ ತುಕ್ಕು ತಿಂದಿತ್ತು. ಒಂದು ಬೆಳಿಗ್ಗೆ ದೂಮಣ್ಣ ಗಂಟೆಯನ್ನು ಕೆಳಗಿಳಿಸಿದರು, ನಾಲಿಗೆ ಕಳಚಿಟ್ಟರು, ಹೊಸ ಸರಪಳಿ ತರಲು ಮನೆಗೆ ಹೊರಟರು. ಹೊರಡುವಾಗ, ಕೆಂಗಾಲದ ಕಾಲ ಅಲ್ಲವೇ, ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಎಷ್ಟೋ ಕಾಲದಿಂದ ಬೋರಲಾಗಿ ತೂಗುತ್ತಿದ್ದ ಗಂಟೆಯನ್ನು ಜಾಗ್ರತೆಯಿಂದ ಎತ್ತಿ, ಅಲುಗಾಡದಂತೆ ಹಗ್ಗದ ಸಿಂಬಿ ಮಾಡಿ, ಅದರ ಮೇಲೆ ಮಗುಚಿಟ್ಟರು. ಅಂದರೆ ಬಾಯಿ ಮೇಲೆ ಮಾಡಿ ಇಟ್ಟರು. ಇಟ್ಟು, ಸರಿಯಾಯಿತು ಎನ್ನುವ ಹಾಗೆ ಒಮ್ಮೆ ತಟ್ಟಿದರು ಕೂಡ. ಧಕ್ಕೆಯಲ್ಲಿ ಬಲೆ ಹೊಲಿಯುತ್ತ ಕೂತವರೆಲ್ಲ ನೋಡುತ್ತಿದ್ದರು. ಒಬ್ಬರಿಗೂ ತಪ್ಪಿದೆ ಅನಿಸಲಿಲ್ಲ. ನಾನೂ ಅಲ್ಲೇ ಇದ್ದೆ, ನನಗೂ ಅನಿಸಲಿಲ್ಲ.

ದೂಮಣ್ಣ ಸರಪಳಿ ಹೊತ್ತು ಬರುವಾಗ ಭಾವನ ಹೆಂಡತಿ ಗಂಟೆಯೊಳಗೆ ಮೊಟ್ಟೆಯಿಟ್ಟು ಕೂತಾಗಿತ್ತು.

"ಅಯ್ಯೋ, ಅಯ್ಯೋ," ಎಂದು ದೂಮಣ್ಣ ಸರಪಳಿಯನ್ನು ಕಾಲ ಮೇಲೇ ಬಿಟ್ಟುಕೊಂಡರು. ಕುಪ್ಪಮ್ಮಜ್ಜಿ ಬಂದು ಗಂಟೆಯೊಳಗೆ ಇಣುಕಿ, ಆಮೇಲೆ ದೂಮಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ದೂಮ, ಮನೆಯಲ್ಲಿ ನೀನು ಮಲಗುವಾಗ ಕಾಲು ಮೇಲೆ ಮಾಡಿ ಮಲಗ್ತಿಯಾ?"

"ಇಲ್ಲ ಅಜ್ಜಿ."

"ಇನ್ನು ಮಲಗು. ತಲೆಗೆ ಸ್ವಲ್ಪ ರಕ್ತ ಹೋಗ್ಲಿ."

ದೂಮಣ್ಣನ ಮುಖ ನೋಡಲಾಗಲಿಲ್ಲ. ಕಳಚಿಟ್ಟಿದ್ದ ಗಂಟೆಯ ನಾಲಿಗೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ಗಂಟೆಗೆ ಬಡಿದು ನೋಡಿದರು. ಗುಡ್ಡಕ್ಕೆ ಗುದ್ದಿದ ಹಾಗೆ ದಪ್ಪೆಂದಿತು, ಅಷ್ಟೇ. ಕದಲದ ವಸ್ತು ನಡುಗುವುದೂ ಇಲ್ಲ, ನಡುಗದ ಗಂಟೆ ಹಾಡುವುದೂ ಇಲ್ಲ.

ಆಮೇಲಿನ ದಿನಗಳಲ್ಲಿ ಊರು ಎಂದಿನಂತೆ ಹೊಂದಿಕೊಂಡಿತು. ದೋಣಿಗಳು ಹತ್ತಿರದಲ್ಲೇ ಮೀನು ಹಿಡಿದು, ದೂರದಲ್ಲಿ ಸ್ವಲ್ಪ ಬಿಳುಪು ಕಂಡರೂ ವಾಪಸು ಬರುತ್ತಿದ್ದವು. ಜಲಜಾ ಮಾತ್ರ ಹೊಂದಿಕೊಳ್ಳಲಿಲ್ಲ. ಹಲ್ಲುಗಲ್ಲಿನ ಆಚೆ, ತುಂಬ ದೂರದಲ್ಲಿ, ಕಪ್ಪುದಿಣ್ಣೆ ಎಂಬ ಆಳವಿಲ್ಲದ ಜಾಗವಿದೆ. ಬೆಳ್ಳಿಸೂಜಿ ಎಂಬ ಸಣ್ಣ ಮೀನಿನ ಹಿಂಡು ಅಲ್ಲಿಗೆ ಮಾತ್ರ ಬರುತ್ತದೆ, ಅದರ ಹಿಂದೆ ದೊಡ್ಡ ಮೀನುಗಳೂ ಬರುತ್ತವೆ. ಅವಳು ದಿನಾ ಅಲ್ಲಿಗೇ ಹೋಗುತ್ತಿದ್ದಳು.

ಒಂದು ದಿನ ಬೆಳಿಗ್ಗೆ ನಾನು ಧಕ್ಕೆಯಲ್ಲೇ ಅವಳನ್ನು ತಡೆದೆ. "ಗಂಟೆ ಇಲ್ಲ, ಬೇಡ," ಎಂದೆ.

"ಗಂಟೆ ನಿನ್ನ ಸವತಿ ಹತ್ರ ಉಂಟಲ್ಲ, ಅವಳ ಹತ್ರ ಹೇಳು ಬಾರಿಸ್ಲಿಕ್ಕೆ," ಎಂದು ದೋಣಿ ಹತ್ತಿದಳು. ಹಗ್ಗ ಬಿಚ್ಚುತ್ತಿದ್ದ ವಾಸು, "ಬೇಗ ಬರ್ತೇವೆ ಅತ್ತಿಗೆ," ಎಂದ. ಅವನ ಮಾತನ್ನು ದೋಣಿಯಲ್ಲಿ ಯಾರೂ ಕೇಳುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಅವರು ಹೋದ ಮೇಲೆ ನಾನು ಗಂಟೆಯ ಹತ್ತಿರ ಕೂತೆ. ಹೆಣ್ಣು ಹಕ್ಕಿ ಸ್ವಲ್ಪ ಜರುಗಿ ಕೂತಾಗ ಒಂದು ಹೊಸ ಸದ್ದು ಕೇಳಿತು. ಮೊಟ್ಟೆ ಮಾತಾಡುತ್ತಿತ್ತು. ಒಡೆಯುವುದಕ್ಕೆ ಮೊದಲು ಕೆಂಗಾಲದ ಮರಿ ಚಿಪ್ಪಿನೊಳಗಿಂದಲೇ ಪೀಪೀ ಎನ್ನುತ್ತದೆ. ಅದನ್ನು ಕೇಳಿದ ಕೂಡಲೇ ಗಂಡು ಹಕ್ಕಿಗೆ ತಲೆ ಕೆಡುತ್ತದೆ. ತಿನ್ನಲು ಬಾಯಿ ಇನ್ನೂ ಹೊರಗೆ ಬಂದಿಲ್ಲ, ಆದರೂ ಅವನು ಮೀನು ತರಲು ಶುರು ಮಾಡುತ್ತಾನೆ. ತರುತ್ತಾನೆ, ಇಡುತ್ತಾನೆ, ಹೋಗುತ್ತಾನೆ, ಮತ್ತೆ ತರುತ್ತಾನೆ. ಗಂಟೆಯ ಅಂಚಿನ ಸುತ್ತ ಆಗಲೇ ಮೀನು ಬಿದ್ದಿದ್ದವು, ಧಕ್ಕೆಯ ಬೆಕ್ಕುಗಳು ಗಂಭೀರವಾಗಿ ಸಾಲಾಗಿ ಕೂತಿದ್ದವು. ನಾನು ಒಂದನ್ನು ಎತ್ತಿ ನೋಡಿದೆ. ಬೆಳ್ಳಿಸೂಜಿ. ಭಾವ ಹೋಗುತ್ತಿದ್ದದ್ದೂ ಕಪ್ಪುದಿಣ್ಣೆಗೇ.

ಮಧ್ಯಾಹ್ನ ಊಟ ಮುಗಿಯುವುದರೊಳಗೆ ಮಂಜು ಬಂತು. ನಮ್ಮಲ್ಲಿ ಮಂಜು ಇಳಿಯುವುದಲ್ಲ, ಕಡಲಿನಿಂದ ಎದ್ದು ನಡೆದು ಬರುತ್ತದೆ. ಹತ್ತಿರದ ದೋಣಿಗಳು ಒಂದರ ಹಿಂದೊಂದು ಒಳಗೆ ನುಗ್ಗಿದವು. ಕೊನೆಯ ದೋಣಿಯವರು ಇಳಿಯುವಾಗ ಅವರ ಹಿಂದೆ ಕಡಲೇ ಇರಲಿಲ್ಲ. ಜಲಜಾಳ ದೋಣಿ ಬಂದಿರಲಿಲ್ಲ.

ಊರೆಲ್ಲ ಧಕ್ಕೆಯಲ್ಲಿ ಸೇರಿತು. ಕೂಗು ಹಾಕಿದರು, ಕಡಾಯಿ ಬಡಿದರು, ಶಂಖ ಊದಿದರು. ಗುಡ್ಡ ಎಲ್ಲವನ್ನೂ ತಿರುಗಿ ಕೂಗಿತು. ನಮ್ಮ ಸದ್ದು ನಮಗೇ ಬೆನ್ನ ಹಿಂದಿನಿಂದ ಕೇಳುವಾಗ ಕಡಲಿನಲ್ಲಿ ಇದ್ದವರಿಗೆ ಅದು ಎಲ್ಲಿಂದ ಕೇಳೀತು? ಹುಟ್ಟು ಹಾಕಿಕೊಂಡು ಸದ್ದಿನ ಹಿಂದೆ ಬಂದರೆ ನೇರ ಹಲ್ಲುಗಲ್ಲಿಗೆ.

ಆಗ ದೂಮಣ್ಣ ಸುತ್ತಿಗೆ ಹಿಡಿದು ಬಂದರು. ಕಣ್ಣು ಕೆಂಪಾಗಿತ್ತು. ಮೊಟ್ಟೆ ಹಾಳಾದರೆ ಭಾರ ಹೋಗುತ್ತದೆಂದು ಊರಿಗೆಲ್ಲ ಗೊತ್ತು. ಒಮ್ಮೆ ಕಾಗೆಯೊಂದು ಕುಕ್ಕಿದ್ದಕ್ಕೆ ಶ್ಯಾನುಭಾಗರ ಆರಾಮಕುರ್ಚಿ ಬಿಡುಗಡೆಯಾಗಿತ್ತು. ಮನುಷ್ಯರು ಮಾತ್ರ ಯಾರೂ ಆ ಕೆಲಸ ಮಾಡಿರಲಿಲ್ಲ.

"ಎಲ್ಲ ಬದಿಗೆ ಹೋಗಿ," ಎಂದರು ದೂಮಣ್ಣ. "ತಪ್ಪು ಮಾಡಿದ್ದು ನಾನು. ಪಾಪವೂ ನನಗೇ ಇರ್ಲಿ. ಒಡೆದ ಕೂಡಲೇ ನಾಲ್ಕು ಜನ ಎತ್ತಿ ಹಿಡೀರಿ, ನಾನು ಬಾರಿಸ್ತೇನೆ."

ಸುತ್ತಿಗೆ ಮೇಲೆ ಹೋಯಿತು. ಹೆಣ್ಣು ಹಕ್ಕಿ ಕದಲಲಿಲ್ಲ. ಕತ್ತು ಓರೆ ಮಾಡಿ ಸುತ್ತಿಗೆಯನ್ನು ನೋಡಿತು. ನಾನು ಹೋಗಿ ಅವರ ಕೈ ಹಿಡಿದೆ.

"ಕೆಳಗಿಡಿ ದೂಮಣ್ಣ."

"ಸುಗಂಧಿ, ಬಿಡು. ಅಲ್ಲಿರುವುದು ನಿನ್ನ ತಂಗಿ!"

"ನನ್ನ ತಂಗಿ ಅಂತಲೇ ಹೇಳುವುದು, ಕೆಳಗಿಡಿ. ಈ ಮಂಜಿನಲ್ಲಿ ಕಪ್ಪುದಿಣ್ಣೆಯಿಂದ ಇಲ್ಲಿಗೆ ಕಣ್ಣುಮುಚ್ಚಿ ಬರುವುದು ಒಂದೇ ಪ್ರಾಣಿ. ಅದು ಬರುವುದು ಈ ಮೊಟ್ಟೆಗೋಸ್ಕರ. ಮೊಟ್ಟೆ ಹೋದರೆ ಅವನೂ ಬರುವುದಿಲ್ಲ."

"ಹಕ್ಕಿ ಬಂದ್ರೆ ದೋಣಿ ಬರ್ತದಾ?" ಎಂದು ಯಾರೋ ಕೂಗಿದರು.

"ಬರ್ತದೆ. ಮೀನು ಕಚ್ಚಿದ ಕೆಂಗಾಲ ನೀರಿನ ಮೇಲೆ ತಗ್ಗಿ ಹಾರ್ತದೆ, ಭಾರಕ್ಕೆ ರೆಕ್ಕೆ ಸಿಳ್ಳೆ ಹಾಕ್ತದೆ. ಖಾಲಿ ಹೋಗುವಾಗ ಮೇಲೆ ಹಾರ್ತದೆ, ಸದ್ದಿಲ್ಲ. ಸಿಳ್ಳೆ ಹೋದ ಕಡೆ ಮನೆ. ಜಲಜಾಗೆ ಗೊತ್ತುಂಟು."

"ಅವಳಿಗೆ ಹೇಗೆ ಗೊತ್ತು?"

"ದಿನಾ ರಾತ್ರಿ ಊಟಕ್ಕೆ ನಾನು ಬಡಿಸುವುದು ಅದನ್ನೇ ಅಲ್ವಾ!"

ಕುಪ್ಪಮ್ಮಜ್ಜಿ ನನ್ನ ಹತ್ತಿರ ಬಂದರು. "ಅವಳು ಕೇಳುವವಳಲ್ಲ, ಸುಗಂಧಿ," ಎಂದರು ಮೆಲ್ಲಗೆ.

"ಅಜ್ಜಿ, ಕೇಳದವಳಾದರೆ ಅಷ್ಟು ತಮಾಷೆ ಹೇಗೆ ಮಾಡ್ತಿದ್ದಳು? ನಾನು ಹೇಳಿದ್ದರಲ್ಲಿ ಒಂದು ಮಾತನ್ನೂ ಅವಳು ಬಿಟ್ಟದ್ದಿಲ್ಲ, ಎಲ್ಲದಕ್ಕೂ ಬಾಲ ಕಟ್ಟಿದ್ದಾಳೆ."

ಇದನ್ನು ಹೇಳುವಾಗ ನನಗೆ ಅನುಮಾನ ಇತ್ತೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ಹಕ್ಕಿಯ ವಿಷಯದಲ್ಲಿ ಇರಲಿಲ್ಲ. ತಂಗಿಯ ವಿಷಯದಲ್ಲೂ ಇರಲಿಲ್ಲ. ನನಗೆ ಭಯ ಇದ್ದದ್ದು ನಮ್ಮವರ ವಿಷಯದಲ್ಲಿ. ಯಾಕೆಂದರೆ ಮುಂದಿನ ಮಾತು ಹೀಗಿತ್ತು: "ಆದರೆ ಇಷ್ಟು ಗಲಾಟೆ ಇದ್ದರೆ ಅವನು ಇಳಿಯುವುದಿಲ್ಲ. ಎಲ್ಲರೂ ಕೂತ್ಕೊಳ್ಳಿ. ಮಾತು ಬೇಡ, ಕೆಮ್ಮೂ ಬೇಡ."

ನಮ್ಮೂರಿನವರಿಗೆ ಸುಮ್ಮನಿರಿ ಎನ್ನುವುದು ಮೀನಿಗೆ ಮರ ಹತ್ತು ಎಂದ ಹಾಗೆ. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಮಾತಾಡುವ ಜನ. ಆದರೆ ಮೊದಲು ದೂಮಣ್ಣ ಸುತ್ತಿಗೆಯನ್ನು ಕೆಳಗಿಟ್ಟು ಅದರ ಪಕ್ಕದಲ್ಲಿ ಕೂತರು. ಕುಪ್ಪಮ್ಮಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತರು. ಶಂಖದವನು ಕೂತ, ಕಡಾಯಿಯವರು ಕೂತರು. ಒಬ್ಬೊಬ್ಬರಾಗಿ ಧಕ್ಕೆಯ ಹಸಿಕಲ್ಲಿನ ಮೇಲೆ ಊರು ಕೂತಿತು. ಅಭ್ಯಾಸಬಲದಿಂದ ಕಡಾಯಿಗಳನ್ನು ಮಾತ್ರ ಸದ್ದಾಗದಂತೆ ಮಗುಚಿದರು.

ಅಂಥ ಮೌನ ನಾನು ಅದಕ್ಕೂ ಮುಂಚೆ ಕೇಳಿದ್ದಿಲ್ಲ. ನನಗೆ ಜನರ ದನಿ ಅಂದರೆ ಇಷ್ಟ, ಒಬ್ಬೊಬ್ಬರ ಕೆಮ್ಮಿನಿಂದಲೇ ಗುರುತು ಹಿಡಿಯುತ್ತೇನೆ. ಅಷ್ಟೂ ದನಿಗಳು ಒಂದೇ ಸಲ ನಿಂತಾಗ ಬಂಡೆಗಳ ಸಂದಿನಿಂದ ನೀರು ಇಳಿಯುವುದು ಕೇಳಿತು. ದೂರದಲ್ಲಿ ಒಂದು ಕಡಲನಾಯಿ ನಿಟ್ಟುಸಿರು ಬಿಟ್ಟದ್ದು ಕೇಳಿತು. ಆಮೇಲೆ ಗಂಟೆಯೊಳಗಿಂದ ಪೀಪೀ. ಎಲ್ಲರೂ ಕೇಳಿದರು. ದೂಮಣ್ಣ ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿದರು.

ಎಷ್ಟು ಹೊತ್ತು ಕೂತೆವೋ. ಮಂಜಿನೊಳಗೆ ಸಣ್ಣದೊಂದು ಸಿಳ್ಳೆ ಎದ್ದಿತು. ಗಾಳಿ ಬಾಗಿಲ ಸಂದಿನಲ್ಲಿ ನುಸುಳುವಂಥ ಸಿಳ್ಳೆ. ಹತ್ತಿರವಾಯಿತು, ಜೋರಾಯಿತು. ಬಿಳುಪಿನೊಳಗಿಂದ ಒಂದು ಕಪ್ಪು ಚುಕ್ಕೆ ಬಿಡಿಸಿಕೊಂಡು ಬಂದು ಗಂಟೆಯ ಅಂಚಿನ ಮೇಲೆ ಕೂತಿತು. ಒಂದು ಕಾಲು ಕೆಂಪು, ಒಂದು ಹಳದಿ. ಮೀನಿಟ್ಟ, ಹೆಂಡತಿಗೆ ತಲೆಬಾಗಿದ, ಕಲ್ಲಿನಂತೆ ಕೂತ ಊರನ್ನೊಮ್ಮೆ ನೋಡಿ ಸದ್ದಿಲ್ಲದೆ ಮೇಲೆ ಹಾರಿದ. ಮತ್ತೆ ಹೋದ, ಮತ್ತೆ ಬಂದ. ಒಂದು ಬೆಕ್ಕು ಮುಂದೆ ಹೆಜ್ಜೆಯಿಟ್ಟದ್ದನ್ನು ಕುಪ್ಪಮ್ಮಜ್ಜಿ ಬಾಲ ಹಿಡಿದು ಮಡಿಲಿಗೆ ಎಳೆದುಕೊಂಡರು. ಬೆಕ್ಕು ಕೂಡ ಕೂಗಲಿಲ್ಲ.

ಮತ್ತೊಮ್ಮೆ ಸಿಳ್ಳೆ ಬಂದಾಗ ಅದರ ಹಿಂದೆ ಇನ್ನೇನೋ ಇತ್ತು. ಹುಟ್ಟು ನೀರಿಗೆ ಬೀಳುವ ಸದ್ದು. ನಿಂತಿತು. ಸಿಳ್ಳೆಗೆ ಕಾಯುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಭಾವ ಬಂದ, ಇಟ್ಟ, ಹೋದ. ಮುಂದಿನ ಸಿಳ್ಳೆ ಬರುವವರೆಗೆ ಆ ಹುಟ್ಟು ಹಾಗೇ ನಿಂತಿತ್ತು. ಬಂದ ಮೇಲೆ ಮತ್ತೆ ಚಲಿಸಿತು. ಎಡಗಡೆ ಹಲ್ಲುಗಲ್ಲಿಗೆ ಅಲೆ ಬಡಿಯುವುದು ಕೇಳುತ್ತಿತ್ತು, ಬಲಗಡೆಯೂ ಕೇಳುತ್ತಿತ್ತು. ನಡುವಿನಿಂದ ದೋಣಿಯ ಮೂತಿ ಹೊರಗೆ ಬಂತು. ಚುಕ್ಕಾಣಿಯ ಹತ್ತಿರ ಜಲಜಾ ನಿಂತಿದ್ದಳು, ಬೆರಳು ತುಟಿಯ ಮೇಲೆ. ವಾಸುವಿಗೆ ಸುಮ್ಮನಿರು ಎನ್ನುತ್ತಿದ್ದಳು. ಹಾಗೆ ಬರುವವಳು ಧಕ್ಕೆಯ ತುಂಬ ಬಾಯಿ ಮುಚ್ಚಿ ಕೂತ ಊರನ್ನು ನೋಡಿ ಒಂದು ಕ್ಷಣ ಚುಕ್ಕಾಣಿ ಬಿಟ್ಟೇಬಿಟ್ಟಳು.

"ಯಾರು ಹೋದ್ರು?" ಎಂದಳು ಗಾಬರಿಯಿಂದ.

ಆಗ ಊರಿನ ಬಾಯಿ ತೆರೆಯಿತು. ಒಬ್ಬರು ಅಳುವುದು, ಒಬ್ಬರು ಬೈಯುವುದು, ವಾಸುವನ್ನು ನಾಲ್ವರು ಒಟ್ಟಿಗೇ ತಬ್ಬಿಕೊಳ್ಳುವುದು. ಕುಪ್ಪಮ್ಮಜ್ಜಿ ಮೊದಲು ಬೆಕ್ಕಿಗೆ, ಆಮೇಲೆ ಜಲಜಾಗೆ ಬೈದರು. ದೂಮಣ್ಣ ಮಾತ್ರ ಎದ್ದು ಗಂಟೆಗೆ ಬೆನ್ನುಹಾಕಿ ಕೈಚಾಚಿ ನಿಂತರು. "ಮೆಲ್ಲ, ಮೆಲ್ಲ ಮಾತಾಡಿ ಮಾರಾಯ್ರೇ, ಒಳಗೆ ಮಗು ಉಂಟು," ಎನ್ನುತ್ತಿದ್ದರು.

ಜಲಜಾ ನನ್ನ ಹತ್ತಿರ ಬಂದಳು. ಮುಖದ ಮೇಲೆ ಉಪ್ಪು ಒಣಗಿತ್ತು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಸೊಂಟಕ್ಕೆ ಕೈಕೊಟ್ಟಳು.

"ಏನಕ್ಕ, ನಿನ್ನ ಗಂಡನಿಗೆ ಹಿಂದೆ ತಿರುಗಿ ನೋಡುವ ಅಭ್ಯಾಸವೇ ಇಲ್ವಾ? ಹೆಂಡತಿ ಕಡೆಯವರು ಬರ್ತಿದ್ದಾರೆ, ಸ್ವಲ್ಪ ನಿಧಾನ ಹೋಗುವಾ ಅಂತ ಇಲ್ಲ. ವಾಸುವಿನ ಕೈ ಬೊಬ್ಬೆ ಬಂದು ಹೋಯ್ತು."

"ಭಾರ ಇದ್ದರೆ ತಗ್ಗಿ ಹಾರ್ತಾನೆ ಅಂತ ನಿನಗೆ..."

"ಗೊತ್ತುಂಟು, ಗೊತ್ತುಂಟು, ಸಿಳ್ಳೆ ಹೋದ ಕಡೆ ಮನೆ. ಮತ್ತೆ ಶುರು ಮಾಡ್ಬೇಡ." ಹಾಗೆನ್ನುತ್ತ ದೋಣಿಯ ಬುಟ್ಟಿಗೆ ಕೈಹಾಕಿ, ಆರಿಸಿ ಆರಿಸಿ, ಎಲ್ಲಕ್ಕಿಂತ ಉದ್ದದ ಬೆಳ್ಳಿಸೂಜಿಯೊಂದನ್ನು ತೆಗೆದು ಗಂಟೆಯ ಅಂಚಿನ ಮೇಲೆ ಇಟ್ಟಳು. ಅದು ಜಾರದಂತೆ ಎರಡು ಸಲ ಸರಿಮಾಡಿದಳು. ಅದನ್ನು ನಾನು ನೋಡಿದೆ ಎಂದು ಅವಳಿಗೂ ಗೊತ್ತಾಯಿತು. ಮುಖ ತಿರುಗಿಸಿ ದೋಣಿಯ ಹಗ್ಗ ಕಟ್ಟಲು ಹೋದಳು.

ಮರಿ ಮರುದಿನ ಹೊರಗೆ ಬಂತು. ಅದರ ಎರಡೂ ಕಾಲು ಕೆಂಪು. ಅದು ಹಾರಿಹೋದ ಮೇಲೆ ದೂಮಣ್ಣ ಗಂಟೆಯನ್ನು ಹೊಸ ಸರಪಳಿಗೆ ತೂಗುಹಾಕಿ, ಎಂದೂ ಕೇಳದಷ್ಟು ಹೊತ್ತು ಬಾರಿಸಿದರು. ಈಗ ಕೆಂಗಾಲದ ಕಾಲದಲ್ಲಿ ಅವರು ಗಂಟೆಯನ್ನು ಕೆಳಗಿಳಿಸುವುದೇ ಇಲ್ಲ. ಕೈಯನ್ನು ನಂಬಲಾಗುವುದಿಲ್ಲ ಎನ್ನುತ್ತಾರೆ.

ನೀವು ಆ ಕಾಲದಲ್ಲಿ ಬಂದರೆ ಊರಿಡೀ ಬೋರಲು ಬಿದ್ದಿರುವುದನ್ನು ನೋಡುತ್ತೀರಿ. ಒಂದು ಪಾತ್ರೆ ಮಾತ್ರ ಹಾಗಿರುವುದಿಲ್ಲ. ಧಕ್ಕೆಯ ತುದಿಯಲ್ಲಿ, ಗಂಟೆಯ ನೇರ ಕೆಳಗೆ, ಹಗ್ಗದ ಸಿಂಬಿಯ ಮೇಲೆ ಒಂದು ತಾಮ್ರದ ಹಂಡೆ ಬಾಯಿ ಮೇಲೆ ಮಾಡಿ ಕೂತಿರುತ್ತದೆ. ಉಜ್ಜಿ ತೊಳೆದದ್ದು, ಒಳಗೆ ಒಣಗಿದ ಪಾಚಿ ಹಾಸಿದ್ದು. ಅದು ಜಲಜಾಳ ಸ್ನಾನದ ಹಂಡೆ. ಪ್ರತಿ ವರ್ಷ ಅದರಲ್ಲಿ ಮೊಟ್ಟೆ ಬೀಳುತ್ತದೆ, ಮರಿ ಹಾರುವವರೆಗೆ ಅವಳೂ ವಾಸುವೂ ಸ್ನಾನಕ್ಕೆ ನಮ್ಮ ಮನೆಗೆ ಬರುತ್ತಾರೆ. ಯಾಕೆ ಇಟ್ಟೆ ಎಂದು ಕೇಳಿ ನೋಡಿ. ಅವಳು ನಿಮ್ಮನ್ನು ದುರುಗುಟ್ಟಿ ನೋಡುತ್ತಾಳೆ.

"ಇಟ್ಟದ್ದಲ್ಲ," ಎನ್ನುತ್ತಾಳೆ. "ಮಗುಚಲಿಕ್ಕೆ ಮರೆತದ್ದು."